ಊರಲ್ಲೇ ಕುಳಿತು ವೆಬ್ ಮಾರ್ಕೆಟಿಂಗ್ ಮಾಡುವ ತಮ್ಮನಿಗೆ

ತಮಾ, ಬೆಂಗಳೂರಿನ ನೌಕರಿ ಬಿಟ್ಟು ಯಲ್ಲಾಪುರ ತಾಲ್ಲೂಕಿನ ನಮ್ಮ ಚಂದಗುಳಿಗೆ ಬಂದಿದ್ದೀಯ. ಮೆತ್ತಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಹೋಂಸ್ಟೇಯವರಿಗೆ, ಜೇನು, ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾರುವವರಿಗೆ ವೆಬ್‌ಸೈಟು, ಜಾಹೀರಾತು ಮಾಡಿಕೊಡಲು ಶುರು ಮಾಡಿದ್ದೀಯ. ಮನೆಗೆ ಇಬ್ಬರು ಮುದುಕರಷ್ಟೇ ಉಳಿದಿರುವ ಈ ಸೀಮೆಯಲ್ಲಿ ಒಬ್ಬ ಹುಡುಗ ಊರಲ್ಲೇ ನಿಂತು ದುಡಿಯುವುದು ಎಷ್ಟು ದೊಡ್ಡದೆಂದು ನನಗೆ ಗೊತ್ತು. ನಿನ್ನ ಕೆಲಸ ನಿಲ್ಲಬೇಕು, ಬೆಳೆಯಬೇಕು. ಸಹಕಾರಿ ಸಂಘದ ಲೆಕ್ಕಪತ್ರ ನೋಡಿಕೊಂಡಿದ್ದವ ನಾನು, ನಿವೃತ್ತಿಯ ಮೇಲೆ ಹೋಂಸ್ಟೇ ನಡೆಸುತ್ತಿದ್ದೇನೆ. ಅಲ್ಲೂ ಇಲ್ಲೂ ಕಂಡದ್ದರಲ್ಲಿ ನಿನಗೆ ಬೇಕಾದದ್ದನ್ನು ಬರೆದಿದ್ದೇನೆ.

• ಮೊದಲು ಗೂಗಲ್ ಬಿಸಿನೆಸ್ ಪ್ರೊಫೈಲ್ ಸರಿಮಾಡು. ಅದಕ್ಕೆ ಶುಲ್ಕವಿಲ್ಲ, ಆದರೆ ನಮ್ಮ ಕಡೆಯ ಅರ್ಧ ದೂರುಗಳು ಹುಟ್ಟುವುದೇ ಅಲ್ಲಿ. ನಮ್ಮಲ್ಲಿ ಮನೆಗಳು ಒತ್ತಾಗಿಲ್ಲ, ತೋಟಕ್ಕೊಂದು ಮನೆ. ಪೇಟೆಯಲ್ಲಿ ಕುಳಿತು ನಕಾಶೆಯಲ್ಲಿ ಗುರುತು ಹಾಕಿದರೆ ಅದು ಹಳ್ಳದಾಚೆಯ ಬೆಟ್ಟದ ಮೇಲೆ ಬಿದ್ದಿರುತ್ತದೆ. ಹುಬ್ಬಳ್ಳಿಯಿಂದ ಮಕ್ಕಳುಮರಿ ಕಟ್ಟಿಕೊಂಡು ಬಂದವರು ಕತ್ತಲಾದ ಮೇಲೆ ಯಾರದೋ ತೋಟದ ದಾರಿಯಲ್ಲಿ ಕಾರು ಹಿಂದೆ ತೆಗೆಯಲಾರದೆ ನಿಂತಿದ್ದಾರೆ ಎಂದುಕೋ. ಅವರು ಊಟ ಎಷ್ಟೇ ರುಚಿಯಾಗಿದ್ದರೂ ಮರುದಿನ ದಾರಿಯ ಬಗ್ಗೆಯೇ ಬರೆಯುತ್ತಾರೆ. ಆದ್ದರಿಂದ ನೀನೇ ಹೋಗು, ದಣಪೆಯ ಹತ್ತಿರ ನಿಂತು ಗುರುತು ಹಾಕು. ಮನೆ ನಂಬರು, ಬೀದಿ ಹೆಸರು ಇಲ್ಲದ ಜಾಗಕ್ಕೆ ಗೂಗಲ್‌ನ ಪ್ಲಸ್ ಕೋಡ್ ಇದೆ, ಅದನ್ನು ಬುಕಿಂಗ್ ಸಂದೇಶದಲ್ಲೇ ಸೇರಿಸು. ಡಾಂಬರು ರಸ್ತೆ ಎಲ್ಲಿಗೆ ಮುಗಿಯುತ್ತದೆ, ಸಣ್ಣ ಕಾರು ಬರುತ್ತದೋ ಇಲ್ಲವೋ, ನೆಟ್‌ವರ್ಕ್ ಎಲ್ಲಿ ಹೋಗುತ್ತದೆ ಎಂದೂ ಬರೆ. ಯಲ್ಲಾಪುರ ಬಿಡುವ ಮೊದಲೇ ನಕಾಶೆ ಇಳಿಸಿಕೊಳ್ಳಿ ಎಂಬ ಒಂದು ಸಾಲು ಸೇರಿಸಿದರೆ ಎಷ್ಟೋ ಜಗಳ ತಪ್ಪುತ್ತದೆ.

• ಫೋಟೊದಲ್ಲಿ ಸುಳ್ಳು ಬೇಡ. ಸಾತೊಡ್ಡಿ ಜಲಪಾತದ ಚಿತ್ರ ಹಾಕಿದರೆ ಮನೆಯಿಂದ ಎಷ್ಟು ಕಿಲೋಮೀಟರ್ ಎಂದು ಕೆಳಗೇ ಬರೆ. ಮಾಗೋಡು ಜಲಪಾತದಲ್ಲಿ ಮಳೆಗಾಲ ಮುಗಿದಾಗ ಬೀಳುವ ನೀರೇ ಬೇರೆ, ಏಪ್ರಿಲ್‌ನಲ್ಲಿ ಉಳಿಯುವ ನೀರೇ ಬೇರೆ. ಚಿತ್ರದ ಜೊತೆ ತಿಂಗಳು ಇರಲಿ.

• ಸಿದ್ದಿ ಜನರ ಚಿತ್ರ, ಡಮಾಮಿ ಕುಣಿತದ ವಿಡಿಯೊ ಜಾಹೀರಾತಿಗೆ ಬಳಸುವವರನ್ನು ನೋಡುತ್ತಿದ್ದೇನೆ. ಕೇಳದೆ ಬಳಸಬೇಡ. ಕೇಳು, ಎಲ್ಲಿ ಹಾಕುತ್ತೇನೆಂದು ಹೇಳು, ಸಂಭಾವನೆ ಕೊಡು. ನಮ್ಮ ನೆರೆಯವರು ನಮ್ಮ ವ್ಯಾಪಾರದ ಅಲಂಕಾರವಾಗಬಾರದು. ಈ ವಿಷಯದಲ್ಲಿ ನನಗೆ ರಾಜಿಯಿಲ್ಲ.

• ವಿಮರ್ಶೆ ಕೊಳ್ಳಬೇಡ. ಐದು ನಕ್ಷತ್ರ ಕೊಟ್ಟವರಿಗೆ ರಿಯಾಯಿತಿ, ಉಪ್ಪಿನಕಾಯಿ ಬಾಟಲಿ, ಯಾವುದೂ ಬೇಡ. ಮನೆಯವರು, ನೆಂಟರು ಬರೆದದ್ದೂ ಬೇಡ. ಇವೆಲ್ಲ ಗೂಗಲ್‌ನ ನಿಯಮಕ್ಕೆ ವಿರುದ್ಧ. ಸಂತೋಷವಾಗಿ ಹೋದವರನ್ನಷ್ಟೇ ಆರಿಸಿ ಬರೆಯಿರಿ ಎನ್ನುವುದೂ ನಿಯಮ ಮೀರಿದಂತೆಯೇ, ಕೇಳುವುದಾದರೆ ಎಲ್ಲರನ್ನೂ ಕೇಳಬೇಕು. ನಮ್ಮ ದೇಶದಲ್ಲೂ 2022ರ ನವೆಂಬರ್‌ನಲ್ಲಿ ಆನ್‌ಲೈನ್ ವಿಮರ್ಶೆಗಳಿಗೆಂದೇ ಐಎಸ್ 19000 ಎಂಬ ಮಾನದಂಡ ಬಂದಿದೆ. ಬಂದಾಗ ಅದು ಸ್ವಇಚ್ಛೆಯದಾಗಿತ್ತು, ಆದರೂ ಒಮ್ಮೆ ಓದಿಕೋ. ನಮ್ಮ ಚಂದಗುಳಿಯ ಘಂಟೆ ಗಣಪತಿಯನ್ನು ನೋಡು. ಹರಕೆ ಹೊತ್ತವರು ಕೆಲಸ ಆದ ಮೇಲೆ ತಾವಾಗಿ ಬಂದು ಘಂಟೆ ಕಟ್ಟುತ್ತಾರೆ, ಮುಂಚಿತವಾಗಿ ಯಾರೂ ಕಟ್ಟಿಸಿಕೊಳ್ಳುವುದಿಲ್ಲ. ವಿಮರ್ಶೆಯೂ ಹಾಗೇ ಬರಬೇಕು. ಕಟ್ಟಿದವರ ಮಾತು ಕೇಳಿಯೇ ದೂರದ ಊರುಗಳಿಂದ ಜನ ಈ ಕಾಡೊಳಗಿನ ದೇವಸ್ಥಾನ ಹುಡುಕಿಕೊಂಡು ಬರುತ್ತಾರೆ.

• ಯೂಟ್ಯೂಬಿನವರನ್ನೋ ಇನ್‌ಸ್ಟಾಗ್ರಾಮಿನವರನ್ನೋ ಉಚಿತವಾಗಿ ಉಳಿಸಿಕೊಂಡು ವಿಡಿಯೊ ಮಾಡಿಸಿದರೆ ಅದು ಜಾಹೀರಾತೆಂದು ವಿಡಿಯೊದಲ್ಲೇ ತಿಳಿಸಬೇಕು. ಜಾಹೀರಾತು ಮಾನದಂಡ ಮಂಡಳಿಯ ನಿಯಮ 2021ರಿಂದಲೇ ಇದೆ.

• ಕೆಟ್ಟ ವಿಮರ್ಶೆ ಬಂದ ರಾತ್ರಿ ಉತ್ತರ ಬರೆಯಬೇಡ. ಮಾಲೀಕರು ಸಿಟ್ಟಿನಲ್ಲಿ ನಿನಗೆ ಫೋನ್ ಮಾಡುತ್ತಾರೆ, ಪೂರ್ತಿ ಕೇಳು. ಬೆಳಿಗ್ಗೆ ಅಡುಗೆಯವರನ್ನೂ, ಕೋಣೆ ನೋಡಿಕೊಳ್ಳುವವರನ್ನೂ ವಿಚಾರಿಸು. ಆಮೇಲೆ ಮೂರ್ನಾಲ್ಕು ಸಾಲು ಸಾಕು. ಹೀಗೆ ಬರೆಯಬಹುದು: “ನಮಸ್ಕಾರ. ಆ ಸಂಜೆ ಕರೆಂಟು ಹೋಗಿ ನಿಮಗೆ ಬಿಸಿನೀರು ಸಿಗಲು ತಡವಾದದ್ದು ನಿಜ, ಕ್ಷಮಿಸಿ. ಈಗ ಬಚ್ಚಲೊಲೆಗೆ ಬೆಂಕಿ ಹಾಕಿ ಹಂಡೆ ನೀರನ್ನೂ ಸಿದ್ಧ ಇಡುತ್ತಿದ್ದೇವೆ. ಮಾತಾಡಬೇಕೆನಿಸಿದರೆ ದಯವಿಟ್ಟು ಫೋನ್ ಮಾಡಿ.” ಇಲ್ಲಿ ನೀನು ಆಗಿದ್ದನ್ನು ಒಪ್ಪಿದೆ, ಸರಿಪಡಿಸಿದ್ದನ್ನು ಹೇಳಿದೆ, ವಾದ ಬೆಳೆಸಲಿಲ್ಲ. ಇದನ್ನು ಓದುವವರು ಆ ಅತಿಥಿ ಒಬ್ಬರೇ ಅಲ್ಲ, ಮುಂದಿನ ವಾರ ಬರಲೋ ಬೇಡವೋ ಎಂದು ಯೋಚಿಸುತ್ತಿರುವವರೂ ಓದುತ್ತಾರೆ. ಅತಿಥಿ ಕುಡಿದಿದ್ದರು, ಯಾರ ಜೊತೆ ಬಂದಿದ್ದರು ಎಂಬುದನ್ನೆಲ್ಲ ಮಾತ್ರ ಎಂದೂ ಬರೆಯಕೂಡದು. ಮನೆಗೆ ಬಂದವರ ಗುಟ್ಟು ಮನೆಯೊಳಗೇ ಇರಬೇಕು.

• “ಕೆಟ್ಟ ವಿಮರ್ಶೆ ಅಳಿಸಿಕೊಡುತ್ತೇನೆ” ಎಂದು ಯಾವ ಗಿರಾಕಿಗೂ ಮಾತು ಕೊಡಬೇಡ. ಅಭಿಪ್ರಾಯ ಕಹಿ ಎಂಬ ಕಾರಣಕ್ಕೆ ಗೂಗಲ್ ಅಳಿಸುವುದಿಲ್ಲ. ಬಂದೇ ಇರದವರು ಬರೆದದ್ದು, ಬೈಗುಳ, ಪೈಪೋಟಿಯವರ ಕಿತಾಪತಿ ಇದ್ದರೆ ಕಾರಣ ತೋರಿಸಿ ದೂರು ಕೊಡು, ಸಾಕ್ಷಿ ಇಟ್ಟುಕೋ, ಕಾಯು. ಒಂದೇ ದಿನ ಹತ್ತಾರು ಒಂದು ನಕ್ಷತ್ರ ಬಂದು, ಬೆನ್ನಿಗೇ ವಾಟ್ಸಾಪಿನಲ್ಲಿ ದುಡ್ಡು ಕೇಳಿದರೆ ಅದು ಸುಲಿಗೆ. ಒಂದು ರೂಪಾಯಿಯನ್ನೂ ಕೊಡಿಸಬೇಡ. ಸ್ಕ್ರೀನ್‌ಶಾಟ್ ತೆಗೆದಿಟ್ಟು ಪೊಲೀಸರಿಗೆ ತಿಳಿಸು. ದುಡ್ಡು ಹೋಗಿಯೇ ಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿಸು.

• ಅಡಿಕೆ ಮಾರುವ ಗಿರಾಕಿ ಸಿಕ್ಕರೆ ಪೊಟ್ಟಣದ ಮೇಲಿನ ಹೆಸರು ನೋಡು. ‘ಸಿರ್ಸಿ ಸುಪಾರಿ’ಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ. ಅದು ಸಿರ್ಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಬೆಳೆಗೆ ಸಂಬಂಧಿಸಿದ್ದು. ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡವರು ಆ ಹೆಸರು ಬಳಸಲಿ, ಬೇರೆ ಕಡೆಯ ಮಾಲಿಗೆ ನೀನು ಆ ಚೀಟಿ ಹಚ್ಚಿಕೊಡಬೇಡ. ರಾಶಿ ಅಡಿಕೆಯಲ್ಲಿ ಗೋಟು ಅಡಿಕೆ ಬೆರೆಸಿ ಸಂಘಕ್ಕೆ ತಂದವರ ಹೆಸರನ್ನು ಟೆಂಡರಿನಲ್ಲಿ ವ್ಯಾಪಾರಿಗಳು ವರ್ಷಗಟ್ಟಲೆ ನೆನಪಿಟ್ಟದ್ದನ್ನು ನಾನು ಕಂಡಿದ್ದೇನೆ. ಜೇನು, ಉಪ್ಪಿನಕಾಯಿಯಾದರೆ ಎಫ್‌ಎಸ್‌ಎಸ್‌ಎಐ ನಂಬರು ಕೇಳಿಯೇ ಕೆಲಸ ಹಿಡಿ.

• ದುಡ್ಡಿನ ವಿಷಯ. ಫೇಸ್‌ಬುಕ್ಕಿಗೋ ಗೂಗಲ್ಲಿಗೋ ಹೋಗುವ ಜಾಹೀರಾತಿನ ಹಣವನ್ನು ಗಿರಾಕಿ ತನ್ನ ಖಾತೆಯಿಂದ ನೇರವಾಗಿ ಕಟ್ಟಲಿ. ನಿನ್ನ ಖಾತೆಗೆ ಬರುವುದು ನಿನ್ನ ಕೆಲಸದ ಶುಲ್ಕವಷ್ಟೇ. ಇಲ್ಲದಿದ್ದರೆ ಇಂದಲ್ಲ ನಾಳೆ “ನನ್ನ ಹಣ ಎಲ್ಲಿ ಹೋಯಿತು” ಎಂಬ ಮಾತು ಬಂದೇ ಬರುತ್ತದೆ, ನಿನ್ನ ವಹಿವಾಟೂ ಸುಳ್ಳೇ ದೊಡ್ಡದಾಗಿ ಕಾಣುತ್ತದೆ. ಸೇವೆ ಮಾರುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕಾಗುತ್ತದೆ, ಅದರ ಮೇಲೆ ಕಣ್ಣಿರಲಿ. ಉದ್ಯಮ್ ನೋಂದಣಿ ಮಾಡಿಸು. ಸರ್ಕಾರದ ಜಾಲತಾಣದಲ್ಲಿ ಅದಕ್ಕೆ ಶುಲ್ಕವಿಲ್ಲ, ದುಡ್ಡು ಕೇಳುವ ತಾಣಗಳಿಂದ ದೂರವಿರು.

• ನೆಂಟರಿಗೆ ಉದ್ರಿ ಕೆಲಸ ಬೇಡ. ಕಡಿಮೆ ದರ ಹಾಕು, ಬೇಕಾದರೆ ಕೊಯ್ಲಾಗಿ ಅಡಿಕೆ ಮಾರಿದ ಮೇಲೆ ಕೊಡಲಿ, ಆದರೆ ದರ ಎಷ್ಟು, ಕೆಲಸ ಯಾವುದು ಎಂದು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಬಾಯಿಮಾತಿನ ಕರಾರಿನಿಂದ ದಾಯಾದಿಗಳು ಮಾತು ಬಿಟ್ಟ ಮನೆಗಳು ನಮ್ಮ ಸುತ್ತಲೇ ಇವೆ.

• ತಿಂಗಳ ವರದಿ ಒಂದೇ ಪುಟ ಇರಲಿ: ಪ್ರೊಫೈಲ್ ನೋಡಿ ಎಷ್ಟು ಜನ ಫೋನ್ ಮಾಡಿದರು, ಎಷ್ಟು ಜನ ದಾರಿ ಕೇಳಿದರು, ಎಷ್ಟು ಬುಕಿಂಗ್ ಆಯಿತು. ಲೈಕುಗಳ ಪಟ್ಟಿಯಿಂದ ಹೋಂಸ್ಟೇ ನಡೆಸುವವರಿಗೆ ಏನೂ ತಿಳಿಯುವುದಿಲ್ಲ.

• ಒಂದು ಗಿರಾಕಿಯ ಫೋನಿಗೆ ಅದೇ ದಿನ ಉತ್ತರಿಸಲು ಆಗದಷ್ಟು ಕೆಲಸ ಬಂದಾಗ ಹೊಸಬರನ್ನು ಒಪ್ಪಿಕೊಳ್ಳುವುದು ನಿಲ್ಲಿಸು. ಮೊದಲು ಊರಿನ ಒಬ್ಬ ಹುಡುಗಿಗೋ ಹುಡುಗನಿಗೋ ಕಲಿಸಿ ಜೊತೆಗೆ ಹಾಕಿಕೋ. ಕಲಿಯುವ ತಿಂಗಳುಗಳಲ್ಲೂ ಸಂಬಳ ಕೊಡು.

• ಮಳೆಗಾಲದಲ್ಲಿ ಹೆಸರು ಉಳಿಸುವ ಕೆಲಸ ಜಾಸ್ತಿ. 2021ರ ಜುಲೈನಲ್ಲಿ ನಮ್ಮ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿಯಿತು, ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು. ಅಂಥ ಹೊತ್ತಿನಲ್ಲಿ ರಸ್ತೆ ಬಂದಾದ ಸುದ್ದಿಯನ್ನು, ಜಲಪಾತಕ್ಕೆ ಪ್ರವೇಶ ನಿಷೇಧಿಸಿದ ಆದೇಶವನ್ನು ಮೊದಲು ಗಿರಾಕಿಯ ಪುಟದಲ್ಲಿ ಹಾಕು, ಬುಕಿಂಗ್ ಮಾಡಿದವರಿಗೆ ಫೋನ್ ಮಾಡು, ಮುಂಗಡ ಮರಳಿಸಲು ಮಾಲೀಕರನ್ನು ಒಪ್ಪಿಸು. ಎರಡು ಬೇರೆ ಕಂಪನಿಯ ಸಿಮ್ ಇಟ್ಟುಕೋ. ಕರೆಂಟಿಲ್ಲದೆ ಎರಡು ದಿನ ಕಳೆಯುವ ಲೆಕ್ಕಾಚಾರ ಜೂನ್‌ಗೆ ಮೊದಲೇ ಇರಲಿ.

• ಕೊನೆಯದು, ಆದರೆ ಈ ವಾರವೇ ಮಾಡಬೇಕಾದ್ದು. ವೆಬ್‌ಸೈಟಿನ ಡೊಮೇನ್, ಪ್ರೊಫೈಲಿನ ಮಾಲೀಕತ್ವ, ಫೇಸ್‌ಬುಕ್ ಪುಟ ಎಲ್ಲವೂ ಗಿರಾಕಿಯ ಹೆಸರಿನಲ್ಲಿ, ಗಿರಾಕಿಯ ಮೊಬೈಲ್ ನಂಬರಿನಲ್ಲಿ ಇರಬೇಕು. ನೀನು ಮ್ಯಾನೇಜರ್ ಅಷ್ಟೇ. ಎರಡು ಹಂತದ ಭದ್ರತೆ ಹಾಕಿಸು. ಈಗ ನಿನ್ನ ಹೆಸರಿನಲ್ಲಿ ಇರುವವನ್ನೆಲ್ಲ ಅವರ ಮನೆಗೆ ಹೋಗಿ, ಅವರ ಎದುರೇ ಕುಳಿತು ಅವರ ಹೆಸರಿಗೆ ಮಾಡಿಕೊಡು. ವಯಸ್ಸಾದವರಾದರೆ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಕಪಾಟಿನಲ್ಲಿ ಇಡಿಸು, ಮಗನಿಗೋ ಮಗಳಿಗೋ ಒಮ್ಮೆ ಫೋನ್ ಮಾಡಿ ತಿಳಿಸು.