ನೇರ ಪ್ರಸಾರದ ತಂತ್ರಾಂಶ

ನಮ್ಮ ಕನ್ನಡ ಶಾಲೆಗಳಲ್ಲಿ ಓದಿದ ಅನೇಕರು ಇಂದು ದೂರದ ಊರುಗಳಲ್ಲಿ ನೆಲಸಿರುವರು. ಶಾಲೆಯ ವಾರ್ಷಿಕೋತ್ಸವವನ್ನು ಅವರು ಇದ್ದಲ್ಲಿಂದಲೇ ನೋಡುವಂತೆ ಮಾಡುವ ಸಾಧನಗಳು ಈಗ ಉಂಟು. ಅವುಗಳಲ್ಲಿ ಓಬಿಎಸ್ ಸ್ಟುಡಿಯೊ ಎಂಬ ತಂತ್ರಾಂಶದ ಕಾರ್ಯವಿಧಾನವನ್ನು ಇಲ್ಲಿ ತಿಳಿದುಕೊಳ್ಳೋಣ.

ಇದನ್ನು 2012ರಲ್ಲಿ ಜಿಮ್ ಬೇಲಿ ಎಂಬವರು ಆರಂಭಿಸಿದರು. ಅನಂತರ ಅನೇಕ ಸ್ವಯಂಸೇವಕರು ಕೂಡಿ ಬೆಳೆಸಿದರು. ಇದಕ್ಕೆ ಬೆಲೆಯಿಲ್ಲ. ಆದುದರಿಂದ ಬಡ ಶಾಲೆಯೂ ಇದನ್ನು ಬಳಸಬಹುದು.

ಕ್ಯಾಮರಾ, ಮೈಕು, ಚಿತ್ರ, ಅಕ್ಷರ, ಇವು ಒಂದೊಂದೂ ಇಲ್ಲಿ ‘ಸೋರ್ಸ್’. ಹಲವು ಸೋರ್ಸುಗಳನ್ನು ಜೋಡಿಸಿದರೆ ಒಂದು ‘ಸೀನ್’. ಸ್ವಾಗತಕ್ಕೊಂದು, ನಾಟಕಕ್ಕೊಂದು ಸೀನನ್ನು ಮೊದಲೇ ಅಣಿಮಾಡಿಟ್ಟರೆ, ಪ್ರಸಾರಕಾಲದಲ್ಲಿ ಒಂದರಿಂದ ಇನ್ನೊಂದಕ್ಕೆ ಸುಲಭವಾಗಿ ಹೋಗಬಹುದು. ‘ಸ್ಟುಡಿಯೊ ಮೋಡ್’ನಲ್ಲಿ ಮುಂದೆ ಬರಲಿರುವ ಸೀನೂ ಹೊರಗೆ ಹೋಗುತ್ತಿರುವ ಸೀನೂ ಅಕ್ಕಪಕ್ಕದಲ್ಲಿ ಕಾಣುತ್ತವೆ.

ಇನ್ನು ಸ್ವಲ್ಪ ಗಣಿತ. 1280 ಬಿಂದುಗಳ ಅಗಲ, 720 ಬಿಂದುಗಳ ಎತ್ತರವುಳ್ಳ ಚಿತ್ರದಲ್ಲಿ 9,21,600 ಬಿಂದುಗಳಿವೆ. ಬಿಂದುವಿಗೆ 24 ಬಿಟ್, ಸೆಕೆಂಡಿಗೆ 30 ಚಿತ್ರ ಎಂದರೆ ಸೆಕೆಂಡಿಗೆ 66 ಕೋಟಿ ಬಿಟ್‌ಗಳಿಗೂ ಮಿಕ್ಕುತ್ತದೆ. ಇಷ್ಟನ್ನು ಸಾಮಾನ್ಯ ಸಂಪರ್ಕವು ಹೊರಲಾರದು. ಆದುದರಿಂದ ‘ಎನ್‌ಕೋಡರ್’ ಅದನ್ನು ಸುಮಾರು 30 ಲಕ್ಷ ಬಿಟ್‌ಗಳಿಗೆ ಇಳಿಸುತ್ತದೆ. ರಂಗದ ಹಿಂದಿನ ಪರದೆ ಕದಲುವುದಿಲ್ಲವಷ್ಟೆ? ಅದನ್ನು ಮತ್ತೆ ಮತ್ತೆ ಕಳುಹಿಸದೆ, ಬದಲಾದ ಭಾಗವನ್ನು ಮಾತ್ರ ಮುಖ್ಯವಾಗಿ ಕಳುಹಿಸುವುದೇ ಇದರ ಯುಕ್ತಿ. ಸಾಮಾನ್ಯವಾಗಿ ಎರಡು ಸೆಕೆಂಡಿಗೊಮ್ಮೆ ಪೂರ್ಣಚಿತ್ರವನ್ನು ಕಳುಹಿಸಲಾಗುತ್ತದೆ.

ಹೀಗೆ ಇಳಿಸಿದ ಚಿತ್ರವು ಯೂಟ್ಯೂಬಿನಂತಹ ಸಂಸ್ಥೆಗೆ ತಲಪಿ, ಅಲ್ಲಿಂದ ನೋಡುಗರಿಗೆ ಕೆಲವು ಸೆಕೆಂಡು ತಡವಾಗಿ ಹಂಚಲ್ಪಡುತ್ತದೆ. ನಮ್ಮ ಸಂಪರ್ಕದ ಕಳುಹಿಸುವ ವೇಗವು ಬೇಕಾದುದಕ್ಕಿಂತ ತುಸು ಹೆಚ್ಚಿರಬೇಕು. ಇಲ್ಲದಿದ್ದರೆ ಚಿತ್ರ ತಡೆತಡೆದು ಬರುವುದು. ವೈಫೈಗಿಂತ ತಂತಿಯ ಸಂಪರ್ಕವೇ ನಂಬಿಕೆಗೆ ಅರ್ಹ.

ಎರಡು ಎಚ್ಚರಿಕೆಗಳನ್ನು ಮರೆಯಬಾರದು. ಪ್ರಸಾರಕ್ಕೆ ಕೊಡಲಾಗುವ ‘ಸ್ಟ್ರೀಮ್ ಕೀ’ ಮನೆಯ ಬೀಗದಕೈಯಂತೆ. ಅದು ಅನ್ಯರ ಕೈಗೆ ಸಿಕ್ಕಿದರೆ ಅವರು ನಮ್ಮ ಹೆಸರಿನಲ್ಲಿ ಏನನ್ನಾದರೂ ಪ್ರಸಾರಮಾಡಬಲ್ಲರು. ಎರಡನೆಯದಾಗಿ, ಒಮ್ಮೆ ಹೊರಟ ಚಿತ್ರವನ್ನು ನೋಡುವವರು ಪ್ರತಿಮಾಡಿಟ್ಟುಕೊಳ್ಳಬಹುದು. ಅದನ್ನು ಮರಳಿ ಪಡೆಯುವಂತಿಲ್ಲ. ಆದುದರಿಂದ ಮಕ್ಕಳ ಮುಖವನ್ನು ತೋರಿಸುವ ಮೊದಲು ತಂದೆತಾಯಿಗಳ ಒಪ್ಪಿಗೆಯನ್ನು ಪಡೆಯತಕ್ಕದ್ದು. ನೋಡುವವರ ಸಂಖ್ಯೆಗಿಂತ ಮಕ್ಕಳ ಕ್ಷೇಮ ದೊಡ್ಡದು.

ಈ ತಂತ್ರಾಂಶದಲ್ಲಿ ಪ್ರಸಾರಮಾಡದೆ ಮುದ್ರಿಸಿಕೊಳ್ಳುವ ಅನುಕೂಲವೂ ಇದೆ. ವಿದ್ಯಾರ್ಥಿಗಳು ಮೊದಲು ಒಂದು ಕನ್ನಡ ಪಾಠವನ್ನು ಹಾಗೆ ಮುದ್ರಿಸಿ, ಧ್ವನಿಯನ್ನೂ ಬೆಳಕನ್ನೂ ಪರೀಕ್ಷಿಸಿ ಅಭ್ಯಾಸ ಮಾಡಲಿ.