ಒಂದೇ ಥ್ರೆಡ್‌ನ ಹಿನ್ನೆಲೆ ಕೆಲಸ ಮತ್ತು ಥ್ರೆಡ್ ಸುರಕ್ಷತೆ

ಹಿನ್ನೆಲೆ ಕೆಲಸಗಳೆಲ್ಲ ಒಂದೇ ಥ್ರೆಡ್‌ನಲ್ಲಿ ನಡೆದರೆ ಲಾಕ್ ಬೇಕಿಲ್ಲ ಎಂಬ ಹೇಳಿಕೆ ಪ್ರಶ್ನೆಪತ್ರಿಕೆಯಲ್ಲಿ ಕಂಡರೆ ದುಡುಕಿ ‘ಸರಿ’ ಎಂದು ಗುರುತು ಹಾಕಬೇಡಿ. ಅದು ಅರ್ಧ ಸತ್ಯ.

ಆಂಡ್ರಾಯ್ಡ್‌ನ ಅಸಿಂಕ್‌ಟಾಸ್ಕ್ ಕಥೆಯನ್ನೇ ನೋಡಿ. ಮೊದಲು ಅದು ಒಂದೇ ಹಿನ್ನೆಲೆ ಥ್ರೆಡ್‌ನಲ್ಲಿ ಕೆಲಸಗಳನ್ನು ಸರದಿಯಂತೆ ನಡೆಸುತ್ತಿತ್ತು. 1.6ನೇ ಆವೃತ್ತಿಯಲ್ಲಿ ಹಲವು ಥ್ರೆಡ್‌ಗಳು ಬಂದವು. ಏಕಕಾಲದ ಓಟದಿಂದ ಆ್ಯಪ್‌ಗಳಲ್ಲಿ ಹುಟ್ಟುವ ದೋಷಗಳನ್ನು ತಪ್ಪಿಸಲು 2011ರ 3.0 ಆವೃತ್ತಿ ಮತ್ತೆ ಒಂದೇ ಥ್ರೆಡ್‌ಗೆ ಮರಳಿತು.

ಆ ದೋಷದ ಬಗೆ ಹೀಗಿದೆ: ಎಣಿಕೆಗೆ 1 ಕೂಡಿಸುವುದೆಂದರೆ ಓದುವುದು, ಕೂಡುವುದು, ಬರೆಯುವುದು ಎಂಬ ಮೂರು ಹೆಜ್ಜೆ. ಎರಡು ಥ್ರೆಡ್‌ಗಳು ಒಟ್ಟಿಗೆ 5 ಎಂದು ಓದಿದರೆ ಎರಡೂ 6 ಎಂದೇ ಬರೆಯುತ್ತವೆ, ಬರಬೇಕಾದದ್ದು 7. ಸರದಿಯಲ್ಲಿ ಈ ಅಪಾಯವಿಲ್ಲ. ಜಾವಾದ ಸಿಂಗಲ್ ಥ್ರೆಡ್ ಎಕ್ಸಿಕ್ಯೂಟರ್‌ನಲ್ಲಿ ಒಂದು ಕೆಲಸ ಮುಗಿದ ಮೇಲೆಯೇ ಮುಂದಿನದು ಶುರು. ಹಿಂದಿನದು ಬರೆದ ಮೌಲ್ಯ ಮುಂದಿನದಕ್ಕೆ ಖಚಿತವಾಗಿ ಕಾಣುತ್ತದೆ.

ಆದರೆ ಅದೇ ಎಣಿಕೆಯನ್ನು ಮುಖ್ಯ ಥ್ರೆಡ್ ಕೂಡ ಬದಲಿಸಿದರೆ ಲೆಕ್ಕಕ್ಕೆ ಥ್ರೆಡ್‌ಗಳು ಎರಡಾದವು. ಆಗ ಲಾಕ್ ಅಥವಾ ಅಟಾಮಿಕ್ ಚರಾಕ್ಷರ ಬೇಕೇ ಬೇಕು. ವೊಲಟೈಲ್ ಸಾಲದು: ಅದು ಹೊಸ ಮೌಲ್ಯವನ್ನು ತೋರಿಸುತ್ತದೆ, ಮೂರು ಹೆಜ್ಜೆಗಳನ್ನು ಒಂದಾಗಿಸುವುದಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ.

ಇನ್ನೊಂದು ಅಂಶವನ್ನೂ ಓದಿಕೊಳ್ಳಿ: ಒಂದೇ ಥ್ರೆಡ್‌ನ ಸರದಿಯಲ್ಲಿ ಓಡುತ್ತಿರುವ ಕೆಲಸ, ಅದೇ ಸರದಿಗೆ ತಾನೇ ಸೇರಿಸಿದ ಮತ್ತೊಂದರ ಫಲಿತಾಂಶಕ್ಕೆ ಕಾದು ನಿಂತರೆ ಎರಡೂ ಮುಗಿಯುವುದಿಲ್ಲ. ಉತ್ತರ: ಡೆಡ್‌ಲಾಕ್.