ಬೂಟ್ ಆಗದ ಕಂಪ್ಯೂಟರ್: ಹೊಣೆ ಯಾರದು, ದೂರು ಎಲ್ಲಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಯಂತ್ರಕ್ಕೆ ವಿಂಡೋಸ್ 11 ಅಥವಾ ಲಿನಕ್ಸ್ ಹಾಕಿಸಿದ ಮೇಲೆ ಅದು ಬೂಟ್ ಆಗದೆ ನಿಂತರೆ ಪರಿಹಾರ ಕೇಳುವ ದಾರಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿದೆ. ಆದರೆ ಯಾರನ್ನು ಕೇಳಬೇಕು ಎಂಬುದು ಯಂತ್ರ ಯಾಕೆ ನಿಂತಿತು ಎನ್ನುವುದರ ಮೇಲೆ ನಿಂತಿದೆ.

ವಿಂಡೋಸ್ 11 ಇದ್ದೇ ಬರುತ್ತದೆಂದು ಮಾರಿದ ಹೊಸ ಲ್ಯಾಪ್‌ಟಾಪ್ ಬೂಟ್ ಆಗದಿದ್ದರೆ ಅದು ಸರಕಿನ ದೋಷ. ಮಾರಿದವರೂ ತಯಾರಕರೂ ಉತ್ತರಿಸಬೇಕು. ವಿಂಡೋಸ್ 11ರ 24ಎಚ್2 ಆವೃತ್ತಿಗೆ ಪಾಪ್‌ಕೌಂಟ್ ಎಂಬ ಆದೇಶ ಬಲ್ಲ ಪ್ರೊಸೆಸರ್ ಬೇಕು; ಹಳೆಯ ಕೋರ್ 2 ಡ್ಯುಯೊ ಯಂತ್ರದಲ್ಲಿ ಅದು ಏಳುವುದೇ ಇಲ್ಲ. ಇಲ್ಲಿ ಯಂತ್ರದ್ದೇನೂ ತಪ್ಪಿಲ್ಲ. ಪರೀಕ್ಷಿಸದೆ ದುಡ್ಡು ತೆಗೆದುಕೊಂಡ ರಿಪೇರಿಯವರದು ಸೇವಾ ನ್ಯೂನತೆ. ಡಿಸ್ಕನ್ನು ಜಿಪಿಟಿ ಎಂಬ ಹೊಸ ವಿಭಜನಾ ಕ್ರಮಕ್ಕೆ ತಂದು, ಯಂತ್ರವನ್ನು ಎಬ್ಬಿಸುವ ಬಯಾಸನ್ನು ಹಳೆಯ ಲೆಗಸಿ ವಿಧಾನದಲ್ಲೇ ಬಿಟ್ಟಿದ್ದರಿಂದ ವಿಂಡೋಸ್ ಏಳದಿದ್ದರೂ ಅದೇ ಮಾತು. 2024ರ ಆಗಸ್ಟ್‌ನಲ್ಲಿ ಮಾತ್ರ ಮೈಕ್ರೋಸಾಫ್ಟ್‌ನ ಅಪ್‌ಡೇಟ್ ಒಂದರಿಂದಲೇ ವಿಂಡೋಸ್ ಜೊತೆ ಲಿನಕ್ಸ್ ಇಟ್ಟಿದ್ದ ಹಲವು ಯಂತ್ರಗಳಲ್ಲಿ ಲಿನಕ್ಸ್ ಬೂಟ್ ಆಗದೆ ಹೋಯಿತು. ಅಂಥದ್ದಕ್ಕೆ ಅಂಗಡಿಯವನನ್ನು ಹಿಡಿದು ಪ್ರಯೋಜನವಿಲ್ಲ.

ಬೆಂಗಳೂರಿನ ಶಿವಾಜಿನಗರದ ಕಮರ್ಷಿಯಲ್ ಸ್ಟ್ರೀಟ್‌ನಂಥ ಬಟ್ಟೆ, ಆಭರಣದ ಬೀದಿಯಲ್ಲಿ ಪ್ರಶ್ನೆ ಇನ್ನೊಂದು ಸುತ್ತು ತಿರುಗುತ್ತದೆ. ಕೆಟ್ಟು ನಿಂತಿದ್ದು ಬಿಲ್ಲಿಂಗ್ ಕಂಪ್ಯೂಟರ್ ಆಗಿದ್ದರೆ ಅಂಗಡಿಯ ಮಾಲೀಕ ಗ್ರಾಹಕನೇ? ವಾಣಿಜ್ಯ ಉದ್ದೇಶಕ್ಕೆ ಕೊಂಡವರನ್ನು ಕಾಯ್ದೆ ಹೊರಗಿಡುತ್ತದೆ. ಸ್ವಯಂ ಉದ್ಯೋಗದಿಂದ ಜೀವನೋಪಾಯಕ್ಕಾಗಿಯೇ ಕೊಂಡು ತಾನೇ ಬಳಸುವವರನ್ನು ಒಳಗೆ ಬಿಡುತ್ತದೆ. 1995ರ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ಗೆರೆಯನ್ನು ವಿವರಿಸಿತು: ಸ್ವತಃ ಓಡಿಸಿ ಹೊಟ್ಟೆ ಹೊರೆಯಲು ಆಟೋ ಕೊಂಡವನು ಗ್ರಾಹಕ. ಆದ್ದರಿಂದ ಮನೆಯವರೇ ಕೂತು ನಡೆಸುವ ಪುಟ್ಟ ಅಂಗಡಿಗೆ ದಾರಿ ಇದೆ, ಹತ್ತಾರು ಸಿಬ್ಬಂದಿಯ ಶೋರೂಮಿಗೆ ಕಷ್ಟ. ಒಂದು ತೊಡಕೂ ಉಂಟು. ಸ್ವಯಂ ಉದ್ಯೋಗದ ಈ ವಿನಾಯಿತಿ 2019ರ ಕಾಯ್ದೆಯಲ್ಲಿ ಕೊಂಡ ಸರಕನ್ನಷ್ಟೇ ಹೆಸರಿಸುತ್ತದೆ, ಪಡೆದ ಸೇವೆಯನ್ನಲ್ಲ. ರಿಪೇರಿ ವಿಷಯಕ್ಕೆ ದೂರು ಕೊಟ್ಟರೆ ಎದುರುದಾರರು ಇದನ್ನೇ ಎತ್ತಿಕೊಳ್ಳಬಹುದು. ಹೊರಗುಳಿದವರಿಗೆ ಸಿವಿಲ್ ನ್ಯಾಯಾಲಯವೇ ಗತಿ.

ಯಂತ್ರವನ್ನು ರಿಪೇರಿಗೆ ಒಪ್ಪಿಸುವ ಮೊದಲೇ ಪುರಾವೆ ಕೂಡಿಸಿಡಬೇಕು: ಪರದೆಯ ಮೇಲಿನ ದೋಷ ಸಂದೇಶದ ಫೋಟೊ, ಸೀರಿಯಲ್ ನಂಬರ್ ಮತ್ತು ಒಪ್ಪಿದ ಕೆಲಸ ಬರೆದ ರಸೀದಿ, ಫೈಲುಗಳ ಬ್ಯಾಕಪ್. ಡಿಸ್ಕಿಗೆ ಬಿಟ್‌ಲಾಕರ್ ಎಂಬ ಬೀಗ ಹಾಕಿದ್ದರೆ ಅದರ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಬೇಕು, ಬಯಾಸ್ ಬದಲಿಸಿದರೆ ಯಂತ್ರ ಅದನ್ನು ಕೇಳಬಹುದು. ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ಹಿಂದೆ ಪಡೆದು ಹಣ ಮರಳಿಸಲು ಒಪ್ಪದಿರುವುದೂ ಅದೇ ಸಾಲಿಗೆ ಸೇರುತ್ತದೆ. ರಿಪೇರಿಯವರು ಮಜೂರಿ ಸಿಗುವ ತನಕ ಯಂತ್ರ ಹಿಡಿದಿಟ್ಟುಕೊಳ್ಳಬಹುದು. ಆದರೆ 1872ರ ಕರಾರು ಕಾಯ್ದೆಯ 170ನೇ ಕಲಮು ಆ ಹಕ್ಕು ಕೊಡುವುದು ಒಪ್ಪಿದ ಕೆಲಸ ಮಾಡಿದವರಿಗೆ ಮಾತ್ರ.

ಅಗ್ಗಕ್ಕೆ ನಕಲಿ ವಿಂಡೋಸ್ ಹಾಕಿಸಿಕೊಂಡವರ ಕೈಯಲ್ಲಿ ದೂರು ಬಲ ಕಳೆದುಕೊಳ್ಳುತ್ತದೆ. ಗೊತ್ತಿದ್ದೂ ನಕಲಿ ತಂತ್ರಾಂಶ ಬಳಸುವುದು ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನಡಿ ಅಪರಾಧ.

ಮೊದಲು ಲಿಖಿತ ನೋಟಿಸ್, ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ. ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು; ಇ-ಜಾಗೃತಿ ಪೋರ್ಟಲ್‌ನಲ್ಲೂ ಸಲ್ಲಿಸಬಹುದು. ಕೊಟ್ಟ ಹಣ 50 ಲಕ್ಷ ರೂಪಾಯಿವರೆಗಿದ್ದರೆ ಈ ಆಯೋಗದ ವ್ಯಾಪ್ತಿ, 5 ಲಕ್ಷದವರೆಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಶಿವಾಜಿನಗರದಲ್ಲಿ ಕೊಂಡ ಕೋಲಾರದವರು ಕೋಲಾರದಲ್ಲೇ ದೂರು ಕೊಡಬಹುದು, ಏಕೆಂದರೆ ದೂರುದಾರರು ವಾಸಿಸುವ ಊರಿನ ಆಯೋಗಕ್ಕೂ ಅಧಿಕಾರವಿದೆ. ದೋಷ ಕಣ್ಣಿಗೆ ಕಾಣುವಂಥದ್ದಲ್ಲದಿದ್ದರೆ ಆಯೋಗವು ಪ್ರಯೋಗಾಲಯದ ವರದಿ ತರಿಸುತ್ತದೆ. ಅದಕ್ಕೆ ಮುನ್ನ ಬೇರೊಬ್ಬರ ಕೈಲಿ ಬಿಚ್ಚಿಸಿದ ಯಂತ್ರ ಸಾಕ್ಷ್ಯವಾಗಿ ದುರ್ಬಲ. ರಿಪೇರಿ, ಬದಲಿ ಯಂತ್ರ, ಹಣ ವಾಪಸು, ನಷ್ಟ ಪರಿಹಾರ ಎಲ್ಲವನ್ನೂ ಕೇಳಬಹುದು. ವ್ಯಾಜ್ಯದ ಕಾರಣ ಹುಟ್ಟಿದ 2 ವರ್ಷದೊಳಗೆ ದೂರು ಹೋಗಬೇಕು. ಆದೇಶ ಒಪ್ಪಿಗೆಯಾಗದಿದ್ದರೆ 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ.